ಹಿಮನದಿಗೆಂದು ಹಣ ಪಡೆದು ಕಾಡಿನ ಗಾಡಿ ಹತ್ತಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು ಕಚೇರಿ

ವಿಷಯ: ಅಲಾಸ್ಕಾದಲ್ಲಿ ರದ್ದಾದ ಹೆಲಿಕಾಪ್ಟರ್ ಮತ್ತು ಡಾಗ್ ಸ್ಲೆಡ್ಡಿಂಗ್ ಟ್ರಿಪ್‌ನ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಜುಲೈನಲ್ಲಿ ನಿಮ್ಮ ಗುಂಪಿನ ಜೊತೆ ನಾನು, ನನ್ನ ಹೆಂಡತಿ, ಅಮ್ಮ ಮತ್ತು ತಮ್ಮ ಅಲಾಸ್ಕಾ ಕ್ರೂಸ್‌ಗೆ ಬಂದಿದ್ದೆವು. ಹಡಗು, ರೂಮು, ಊಟ ಯಾವುದರ ಬಗ್ಗೆಯೂ ನನಗೆ ತಕರಾರಿಲ್ಲ. ಅಮ್ಮನಿಗೆ ದಿನಾ ಮೊಸರನ್ನ ಸಿಕ್ಕಿತು, ಅದಕ್ಕೆ ಥ್ಯಾಂಕ್ಸ್. ನನ್ನ ತಕರಾರು ಹಡಗು ನಿಂತ ಜೂನೋ ಊರಿನಲ್ಲಿ ನಡೆಯಬೇಕಿದ್ದು ನಡೆಯದೇ ಹೋದ ಒಂದು ಟ್ರಿಪ್ ಬಗ್ಗೆ. ಅದಕ್ಕಿಂತ ಜಾಸ್ತಿ, ಅದರ ದುಡ್ಡನ್ನು ನೀವು ಇಟ್ಟುಕೊಂಡು ಕೂತಿರುವ ಬಗ್ಗೆ.

ಈ ಟ್ರಿಪ್‌ಗೆ ನೀವು ಪ್ಯಾಕೇಜಿನಿಂದ ಬೇರೆಯಾಗಿ ತಲೆಗೆ 58,000 ರೂಪಾಯಿ ತೆಗೆದುಕೊಂಡಿರಿ. ರಸೀದಿಯಲ್ಲಿ ಏನೇನು ಬರೆದಿದೆ ನೋಡಿ: ಹೆಲಿಕಾಪ್ಟರ್ ಹಾರಾಟ, ಹಿಮನದಿಯ ಮೇಲೆ ಇಳಿಯುವುದು, ಅಲ್ಲಿನ ನಾಯಿ ಶಿಬಿರದಲ್ಲಿ ಹಿಮದ ಮೇಲೆ ಸ್ಲೆಡ್ ಸವಾರಿ, ಅಂದರೆ ನಾಯಿಗಳು ಎಳೆಯುವ, ಚಕ್ರವಿಲ್ಲದ ಜಾರುಗಾಡಿಯ ಸವಾರಿ. ಇದರಲ್ಲಿ ನಮಗೆ ಒಂದೂ ಸಿಗಲಿಲ್ಲ.

ಆ ದಿನ ಮೋಡ ಬೆಟ್ಟದ ಸೊಂಟದವರೆಗೂ ಇಳಿದಿತ್ತು. ಹಾರುವುದಕ್ಕೆ ಆಗಲ್ಲ ಎಂದು ಹೆಲಿಕಾಪ್ಟರ್ ಕಂಪನಿಯವರು ಹೇಳಿದರು. ಅವರು ಮಾಡಿದ್ದು ಸರಿ. ಕೆಳಗೆ ಬಿಳಿ ಹಿಮ, ಮೇಲೆ ಬಿಳಿ ಮೋಡ ಇದ್ದಾಗ ನೆಲ ಎಷ್ಟು ದೂರದಲ್ಲಿದೆ ಎಂದು ಪೈಲಟ್ ಕಣ್ಣಿಗೂ ಗೊತ್ತಾಗುವುದಿಲ್ಲವಂತೆ. ಹಾಗಿರುವಾಗ ಅಮ್ಮನನ್ನು ಕೂರಿಸಿಕೊಂಡು ಹಾರಿ ಎಂದು ನಾನೇ ಹೇಳುತ್ತಿರಲಿಲ್ಲ. ಹಣ ವಾಪಸ್ ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರದಲ್ಲಿ ‘ಹವಾಮಾನ ನಮ್ಮ ಕೈಯಲ್ಲಿಲ್ಲ’ ಎಂದು ಮೂರು ಕಡೆ ಬರೆದಿದ್ದೀರಿ. ಒಂದು ಸಲ ಬರೆದಿದ್ದರೂ ಸಾಕಿತ್ತು, ಯಾಕೆಂದರೆ ಮೋಡದ ಮೇಲೆ ನಾನು ದೂರು ಕೊಟ್ಟೇ ಇಲ್ಲ.

ಆದರೆ ನಿಮ್ಮ ಕೈಯಲ್ಲಿದ್ದದ್ದೂ ಒಂದಿತ್ತು. ಜೂನೋ ಮಳೆಕಾಡಿನ ಊರು, ಬೇಸಿಗೆಯಲ್ಲೂ ಮಳೆ, ಮೋಡ ಮಾಮೂಲಿ. ಅದಕ್ಕೇ ಬೆಳಗಿನ ಹಾರಾಟಕ್ಕೆ ಬುಕ್ ಮಾಡಿ, ಬೆಳಿಗ್ಗೆ ಆಗದಿದ್ದರೆ ಮಧ್ಯಾಹ್ನವಾದರೂ ನೋಡಬಹುದು ಎಂದು ನಾನು ಮೊದಲೇ ಮೇಲ್ ಮಾಡಿದ್ದೆ. ನೀವು ಕೊಟ್ಟಿದ್ದು ದಿನದ ಕೊನೆಯ ಹಾರಾಟ. ಸಂಜೆ ಹಡಗು ಹೊರಡುತ್ತದೆ. ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ, ಹಡಗು ಇಲ್ಲವೇ ವಿಮಾನವೇ ಗತಿ. ಇವತ್ತು ಇದ್ದು ನಾಳೆ ಹೋಗೋಣ ಎನ್ನುವುದಕ್ಕೆ ದಾರಿ ಎಲ್ಲಿದೆ?

ಹಾರಾಟ ರದ್ದಾದ ಮೇಲೆ ನಿಮ್ಮ ಟೂರ್ ಮ್ಯಾನೇಜರ್ ನಮ್ಮನ್ನು ವ್ಯಾನ್ ಹತ್ತಿಸಿ ಕಾಡಿನೊಳಗಿನ ಒಂದು ನಾಯಿ ಶಿಬಿರಕ್ಕೆ ಕರೆದುಕೊಂಡು ಹೋದರು. ದುಡ್ಡಿನ ಕಥೆ ಏನು ಎಂದು ಅಲ್ಲೇ ಕೇಳಿದೆ. ‘ಈಗ ಹತ್ತಿ ಸಾರ್, ಅದನ್ನೆಲ್ಲ ಬೆಂಗಳೂರಲ್ಲಿ ಸೆಟ್ಲ್ ಮಾಡೋಣ’ ಎಂದರು. ಅಲ್ಲಿ ಹಿಮ ಇರಲಿಲ್ಲ. ಸ್ಲೆಡ್ ಇರಲಿಲ್ಲ. ಚಕ್ರದ ಗಾಡಿಗೆ ನಾಯಿ ಕಟ್ಟಿ ಕೆಸರಿನ ಹಾದಿಯಲ್ಲಿ ಒಂದು ಸುತ್ತು ಹೊಡೆಸಿದರು. ನನ್ನ ತಮ್ಮನ ಮುಖದ ಮೇಲಿನ ಕೆಸರು ಫೋಟೊದಲ್ಲಿ ಚೆನ್ನಾಗಿ ಬಂದಿದೆ, ಲಗತ್ತಿಸಿದ್ದೇನೆ.

ಆ ಶಿಬಿರದವರನ್ನು ನಾನು ದೂರುವುದಿಲ್ಲ. ಒಳ್ಳೆಯ ಜನ, ಚೆನ್ನಾಗಿ ಮಾತಾಡಿಸಿದರು. ನಾಯಿಗಳಂತೂ ಗಾಡಿಗೆ ಕಟ್ಟುವಾಗ ‘ನನ್ನನ್ನು ಬಿಟ್ಟು ಹೋಗಬೇಡಿ’ ಎನ್ನುವ ಹಾಗೆ ಬೊಗಳಿ ಕುಣಿದವು. ಆಂಕರೇಜ್‌ನಿಂದ ನೋಮ್‌ವರೆಗೆ ಸುಮಾರು 1,600 ಕಿಲೋಮೀಟರ್ ಓಡುವ ಇಡಿಟರಾಡ್ ಓಟಕ್ಕೆ ಇಂಥ ನಾಯಿಗಳನ್ನೇ ತಯಾರು ಮಾಡುತ್ತಾರೆ. 1973ರಿಂದ ನಡೆಯುತ್ತಿರುವ ಓಟ ಅದು. ಬೇಸಿಗೆಯಲ್ಲಿ ಕೆಳಗೆ ಹಿಮ ಇರುವುದಿಲ್ಲ. ಹಾಗಾಗಿ ಕೆಲವರು ಚಕ್ರದ ಗಾಡಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ. ಇನ್ನು ಕೆಲವರು ನಾಯಿಗಳನ್ನೇ ಹೆಲಿಕಾಪ್ಟರ್‌ನಲ್ಲಿ ಹಿಮನದಿಯ ಮೇಲಕ್ಕೆ ಒಯ್ದು ಅಲ್ಲೇ ಟೆಂಟ್ ಹಾಕುತ್ತಾರೆ. ಅಲ್ಲಿಗೆ ನಾಯಿಯ ಊಟ ಹೋಗುವುದೂ ಹೆಲಿಕಾಪ್ಟರ್‌ನಲ್ಲಿ, ಕಸ ಕೆಳಗೆ ಬರುವುದೂ ಹೆಲಿಕಾಪ್ಟರ್‌ನಲ್ಲಿ. ಆ ಟ್ರಿಪ್ ದುಬಾರಿ ಆಗುವುದು ಅದಕ್ಕೇ. ಅಷ್ಟು ದುಡ್ಡು ಕೊಡಲು ನಾವು ಒಪ್ಪಿದ್ದೂ ಅದಕ್ಕೇ. ಗಾಡಿ ಸವಾರಿಯ ಬೆಲೆ ಶಿಬಿರದ ಬೋರ್ಡಿನಲ್ಲೇ ಇತ್ತು. ನಮ್ಮ ಲೆಕ್ಕದಲ್ಲಿ ತಲೆಗೆ ಸುಮಾರು 16,000 ರೂಪಾಯಿ.

ಈಗ ನೀವು ಏನು ಬರೆದಿದ್ದೀರಿ? ‘ಪರ್ಯಾಯ ಡಾಗ್ ಸ್ಲೆಡ್ಡಿಂಗ್ ಅನುಭವ ಒದಗಿಸಲಾಗಿದೆ, ಆದ್ದರಿಂದ ಸೇವೆ ಪೂರ್ಣಗೊಂಡಿದೆ.’ ಮದುವೆ ಊಟಕ್ಕೆಂದು ಕರೆದು, ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಿ, ‘ಬಾಯಿಗೆ ಏನೋ ಬಿತ್ತಲ್ಲ’ ಎಂದ ಹಾಗಾಯಿತು ಇದು.

ನಾವು ಸಹಿ ಹಾಕಿ ಒಪ್ಪಿಕೊಂಡಿದ್ದೇವೆ ಎಂದೂ ಬರೆದಿದ್ದೀರಿ. ದಯವಿಟ್ಟು ಆ ಕಾಗದವನ್ನು ಒಮ್ಮೆ ಓದಿ. ಅದು ಶಿಬಿರದವರ ಕಾಗದ, ಗಾಡಿಯಿಂದ ಬಿದ್ದು ಪೆಟ್ಟಾದರೆ ಅವರು ಹೊಣೆಯಲ್ಲ ಎನ್ನುವ ಮುಚ್ಚಳಿಕೆ. ಅದರಲ್ಲಿ ನಿಮ್ಮ ಕಂಪನಿಯ ಹೆಸರೂ ಇಲ್ಲ, ಹಣದ ಮಾತೂ ಇಲ್ಲ.

ಇಷ್ಟೇ ಆಗಿದ್ದರೆ ಫೋನಿನಲ್ಲೇ ಮುಗಿಸುತ್ತಿದ್ದೆ. ಈ ಪತ್ರ ಬರೆಯುವ ಹಾಗೆ ಮಾಡಿದ್ದು ಬೇರೆ ವಿಷಯ. ಊರಿಗೆ ಬಂದ ಮೇಲೆ ನಾನು ಹೆಲಿಕಾಪ್ಟರ್ ಕಂಪನಿಗೇ ಮೇಲ್ ಹಾಕಿ ಕೇಳಿದೆ. ಹವಾಮಾನದಿಂದ ರದ್ದಾದರೆ ಪೂರ್ತಿ ಹಣ ವಾಪಸ್ ಮಾಡುತ್ತೇವೆ, ನಿಮ್ಮ ನಾಲ್ಕು ಸೀಟಿನ ಹಣವನ್ನು ಬುಕ್ ಮಾಡಿದವರ ಕಾರ್ಡಿಗೆ ಅದೇ ವಾರ ಕಳಿಸಿದ್ದೇವೆ ಎಂದು ಅವರು ಉತ್ತರ ಕೊಟ್ಟರು. ಬುಕ್ ಮಾಡಿದವರು ನೀವು. ಅಂದರೆ ಹಣ ನಿಮಗೆ ಬಂದು ಕೂತಿದೆ. ಆದರೂ ನನಗೆ ‘ನಾನ್-ರಿಫಂಡಬಲ್’ ಎಂದು ಬರೆದಿರಿ. ಯಾರಿಗೆ ನಾನ್-ರಿಫಂಡಬಲ್? ನಿಮಗಂತೂ ರಿಫಂಡ್ ಸಿಕ್ಕಿದೆ.

ಇನ್ನೊಂದು ಚಿಕ್ಕ ವಿಷಯ, ಚಿಕ್ಕದೇ ಆದರೂ ದುಡ್ಡಿನದು. ತಮ್ಮ 96 ಕಿಲೋ ಇದ್ದಾನೆಂದು ‘ಹೆಚ್ಚುವರಿ ತೂಕ ಶುಲ್ಕ’ 9,000 ರೂಪಾಯಿ ಬೇರೆ ಕಿತ್ತುಕೊಂಡಿರಿ. ಜೂನೋ ಕೌಂಟರಿನಲ್ಲಿ ಎಲ್ಲರನ್ನೂ ತೂಗಿದರು. ಬಟ್ಟೆ, ಬೂಟು ಸೇರಿ 250 ಪೌಂಡ್, ಅಂದರೆ ಸುಮಾರು 113 ಕಿಲೋ ದಾಟಿದರೆ ಮಾತ್ರ ಶುಲ್ಕ ಎಂದರು. ಅವನು ಜಾಕೆಟ್ ಹಾಕಿಕೊಂಡೂ ಅದರ ಹತ್ತಿರ ಬರಲಿಲ್ಲ. ಆ 9,000 ಯಾರ ಜೇಬಿಗೆ ಹೋಯಿತು? ಪಾಪ, ತೂಕ ಹೇಳಿಸಿಕೊಂಡ ಮುಜುಗರ ಅವನಿಗೆ ಪುಕ್ಕಟೆಯಾಗಿ ಸಿಕ್ಕಿತು.

ನೀವು ಕಳಿಸಿರುವ ವೋಚರ್ ನನಗೆ ಬೇಡ. ಕನಿಷ್ಠ 3 ಲಕ್ಷದ ಇನ್ನೊಂದು ಪ್ರವಾಸ ಬುಕ್ ಮಾಡಿದರೆ ಮಾತ್ರ ಅದು ಚಾಲ್ತಿಯಂತೆ. ನನ್ನದೇ ದುಡ್ಡನ್ನು ವಾಪಸ್ ಪಡೆಯಲು ನಾನು ಮತ್ತೆ ದುಡ್ಡು ಕೊಡಬೇಕಾ?

ಗಾಡಿ ಸವಾರಿ ಮಾಡಿದ್ದೇವೆ, ಅದರ ಹಣ ಹಿಡಿದುಕೊಳ್ಳಿ, ನ್ಯಾಯ. ತಲೆಗೆ ಉಳಿದ 42,000ದಂತೆ ನಾಲ್ವರಿಗೆ 1,68,000, ತೂಕದ ಶುಲ್ಕ 9,000, ಒಟ್ಟು 1,77,000 ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನದೊಳಗೆ ನಾನು ಹಣ ಕಟ್ಟಿದ ಖಾತೆಗೇ ಹಾಕಿ. ಜೊತೆಗೆ ಹೆಲಿಕಾಪ್ಟರ್ ಕಂಪನಿಯಿಂದ ನಿಮಗೆ ಬಂದ ರಿಫಂಡ್‌ನ ವಿವರವನ್ನೂ ಕಳಿಸಿ. ನಮ್ಮ ಗುಂಪಿನಲ್ಲಿ ಇದೇ ಟ್ರಿಪ್ ಕಳೆದುಕೊಂಡವರು ಇನ್ನೂ ಇದ್ದಾರೆ, ಅವರಿಗೂ ಈ ಪತ್ರದ ಪ್ರತಿ ಕೊಟ್ಟಿದ್ದೇನೆ.

ಹಣ ಬರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಆಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಗ್ರಾಹಕ ತಾನು ವಾಸ ಮಾಡುವ ಊರಿನಲ್ಲೇ ದೂರು ಹಾಕಬಹುದು ಎಂದು ಆ ಕಾಯ್ದೆಯಲ್ಲೇ ಇದೆ. ಹಾಗಾಗಿ ‘ವ್ಯಾಜ್ಯಗಳು ಮುಂಬೈ ವ್ಯಾಪ್ತಿಗೆ ಮಾತ್ರ’ ಎಂದು ರಸೀದಿಯ ಹಿಂದೆ ನೀವು ಅಚ್ಚು ಹಾಕಿಸಿರುವ ಸಾಲು ನನ್ನನ್ನು ಹೆದರಿಸುವುದಿಲ್ಲ.

ಲಗತ್ತು: ರಸೀದಿಗಳು, ಬೆಳಗಿನ ಹಾರಾಟ ಕೇಳಿದ ಮೇಲ್, ಹೆಲಿಕಾಪ್ಟರ್ ಕಂಪನಿಯ ಉತ್ತರ, ಶಿಬಿರದ ಮುಚ್ಚಳಿಕೆಯ ಪ್ರತಿ, ಫೋಟೊಗಳು.

ಇಂತಿ,
ನಾಲ್ಕು ಸೀಟಿನ ಹಣ ಕಟ್ಟಿದ ಗ್ರಾಹಕ
ಜಯನಗರ, ಬೆಂಗಳೂರು