ಹಬ್ಬದ ಚಿತ್ರಗಳಲ್ಲಿ ಕೆಂಪು ಕೆಡುವುದೇಕೆ?

ಮಾನ್ಯ ಸಂಪಾದಕರೇ,

ದಸರೆ, ರಾಜ್ಯೋತ್ಸವದ ದಿನಗಳಲ್ಲಿ ಓದುಗರು ತೆಗೆದ ಚಿತ್ರಗಳಿಗೆ ಪತ್ರಿಕೆಗಳು ಜಾಗ ಕೊಡುವುದು ಸಂತೋಷದ ವಿಷಯ. ಆದರೆ ಮೊಬೈಲ್ ಪರದೆಯಲ್ಲಿ ಮಿಂಚಿದ ಎಷ್ಟೋ ಚಿತ್ರಗಳು ಅಚ್ಚಿನಲ್ಲಿ ಮಂಕಾಗಿ, ಮುಖ್ಯ ವ್ಯಕ್ತಿಯೇ ಹಿನ್ನೆಲೆಯಲ್ಲಿ ಕರಗಿಹೋಗಿರುತ್ತಾರೆ. ಅಚ್ಚಿನವರನ್ನು ದೂರುವ ಮುನ್ನ ನಮ್ಮ ಕಣ್ಣು ಬಣ್ಣ ನೋಡುವ ರೀತಿಯನ್ನು ಗಮನಿಸಬೇಕು.

ಎಲ್ಲ ಬಣ್ಣಗಳೂ ಕಣ್ಣಿಗೆ ಒಂದೇ ಸಮನೆ ಬೆಳಗುವುದಿಲ್ಲ. ಬಣ್ಣದ ಚಿತ್ರವನ್ನು ಕಪ್ಪು-ಬಿಳುಪಿಗೆ ಇಳಿಸುವ, ಟಿವಿ ಕಾಲದಿಂದ ಬಂದ ಲೆಕ್ಕದಲ್ಲಿ ಹಸಿರಿಗೆ ಶೇ 59, ಕೆಂಪಿಗೆ ಶೇ 30, ನೀಲಿಗೆ ಬರೀ ಶೇ 11 ಪಾಲು. ಕನ್ನಡ ಬಾವುಟದ ಹಳದಿ ಪಟ್ಟಿ ದೂರದಿಂದಲೇ ಹೊಳೆದು, ಕೆಂಪು ಪಟ್ಟಿ ಗಾಢವಾಗಿ ಕಾಣುವುದು ಇದರಿಂದಲೇ. ಡಿಜಿಟಲ್ ಚಿತ್ರದಲ್ಲಿ ಬಣ್ಣ ಅಳೆಯುವ 0ರಿಂದ 255ರ ಮಾಪಕದಲ್ಲಿ 255 ಮೌಲ್ಯದ ಅಚ್ಚ ಕೆಂಪನ್ನು ಈ ಲೆಕ್ಕಕ್ಕೆ ಹಾಕಿದರೆ 76ರ ಬೂದು ಸಿಗುತ್ತದೆ. 130 ಮೌಲ್ಯದ ಹಸಿರಿಗೂ ಅದೇ 76! ಮಾವಿನ ಮರದ ಮುಂದೆ ಕೆಂಪು ಸೀರೆ ಉಟ್ಟು ನಿಂತವರು ಎದ್ದು ಕಾಣುವುದು ಬಣ್ಣದ ಬಲದಿಂದ ಮಾತ್ರ; ಬೆಳಕಿನ ವ್ಯತ್ಯಾಸ ಅಲ್ಲಿ ಬಹಳ ಕಡಿಮೆ. ನ್ಯೂಸ್‌ಪ್ರಿಂಟ್ ಶಾಯಿ ಹೀರಿ ಬಣ್ಣ ಕುಗ್ಗಿಸಿದ ಮೇಲೆ ಅವರನ್ನು ಮರದಿಂದ ಬಿಡಿಸಿ ತೋರಿಸುವುದು ಏನೂ ಉಳಿಯುವುದಿಲ್ಲ. ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣದ ಓದುಗರಿಗಂತೂ ಪರದೆಯಲ್ಲೇ ಈ ತೊಂದರೆ. ಮೊಬೈಲ್ ಕ್ಯಾಮೆರಾದ ಮೋನೋ (ಕಪ್ಪು-ಬಿಳುಪು) ಫಿಲ್ಟರ್ ಹಾಕಿ ಒಮ್ಮೆ ನೋಡಿ. ವ್ಯಕ್ತಿ, ಹಿನ್ನೆಲೆ ಎರಡೂ ಒಂದೇ ಬೂದಾಗಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಸುಣ್ಣ ಬಳಿದ ಗೋಡೆಯೋ ಆಕಾಶವೋ ಹಿಂದೆ ಬರುವಂತೆ ನಿಲ್ಲಿ.

ಕೆಂಪು ಕೆಡುವುದಕ್ಕೆ ಇನ್ನೊಂದು ಕಾರಣವಿದೆ. ಬಿಸಿಲಲ್ಲಿ ರೇಷ್ಮೆಯ ಕೆಂಪು ಕ್ಯಾಮೆರಾದ ಕೆಂಪು ಚಾನೆಲನ್ನು (ಕೆಂಪು ಬೆಳಕನ್ನು ದಾಖಲಿಸುವ ಪಾಲನ್ನು) ಎಲ್ಲಕ್ಕಿಂತ ಮೊದಲೇ ತುಂಬಿಬಿಡುತ್ತದೆ. ಒಟ್ಟು ಬೆಳಕಿನ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಿದ್ದಂತೆಯೇ ಕಾಣುತ್ತದೆ. ಆದರೆ ಸೆರಗಿನ ನೆರಿಗೆಗಳು ಅಳಿಸಿ, ಬಣ್ಣ ಮೆತ್ತಿದ ರಟ್ಟಿನಂತಾಗಿರುತ್ತದೆ. ಮೂರೂ ಬಣ್ಣಗಳ ಹಿಸ್ಟೋಗ್ರಾಮ್ ಬೇರೆ ಬೇರೆಯಾಗಿ ನೋಡಿ, ಎಕ್ಸ್‌ಪೋಶರ್ ಅನ್ನು ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಬೇಕು. ಆಮೇಲೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ಕೆಟ್ಟದ್ದು ಇನ್ನಷ್ಟು ಕೆಡುತ್ತದೆ.

ಮೈಸೂರು ಅರಮನೆಯ ದೀಪಾಲಂಕಾರದ್ದು ಬೇರೆಯೇ ಸಮಸ್ಯೆ. ಹಳದಿ ಬಲ್ಬಿನ ಬೆಳಕಿಗೆ ಕಣ್ಣು ತುಸು ಹೊತ್ತಿನಲ್ಲೇ ಒಗ್ಗಿಕೊಂಡು ಬಿಳಿಯನ್ನು ಬಿಳಿಯಾಗಿಯೇ ಕಾಣುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಒಂದಿಷ್ಟು ಬೆಚ್ಚನೆಯ ಛಾಯೆ ಉಳಿಸಿಕೊಳ್ಳುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಹೊಂದಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್‌ನಲ್ಲಿದ್ದರೆ ಅರಮನೆ ಕಿತ್ತಳೆಯಾಗುತ್ತದೆ, 2700ಕ್ಕೆ ಇಳಿಸಿದರೆ ದೀಪಗಳು ಬೆಳ್ಳಗಾಗಿ ಕಳೆಯೇ ಹೋಗುತ್ತದೆ. ಕಂಡದ್ದಕ್ಕೆ ಹತ್ತಿರವಾಗಿ ಬರುವುದು 3200ರಿಂದ 3500ರಲ್ಲಿ. ಸಮಯವೂ ಮುಖ್ಯ. ಸುಮಾರು ಒಂದು ಲಕ್ಷ ಬಲ್ಬುಗಳ ಹಳದಿ ಜೀವಂತವಾಗುವುದು ಅದರ ಪಕ್ಕದಲ್ಲಿ ನೀಲಿ ಇದ್ದಾಗ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸಿ ತೋರಿಸುತ್ತವೆ ಎಂಬುದನ್ನು ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದ ಶೆವ್ರೆಲ್ 1839ರಲ್ಲೇ ವಿವರವಾಗಿ ಬರೆದಿದ್ದಾರೆ. ಅಕ್ಟೋಬರಿನಲ್ಲಿ ಮೈಸೂರಿನ ಸೂರ್ಯ ಆರು ದಾಟುತ್ತಲೇ ಮುಳುಗುತ್ತಾನೆ; ಏಳಕ್ಕೆ ದೀಪ ಹತ್ತುವಾಗ ಆಕಾಶ ಹೆಚ್ಚುಕಡಿಮೆ ಕಪ್ಪು. ಜೂನ್‌ನಲ್ಲಿ ಮುಳುಗುವುದು ಆರೂಮುಕ್ಕಾಲರ ಆಸುಪಾಸು. ಅರಮನೆಗೆ ಭಾನುವಾರಗಳಲ್ಲೂ ದೀಪ ಹತ್ತುತ್ತದೆ; ಮೋಡ ಬಿಟ್ಟ ಭಾನುವಾರ ಸಿಕ್ಕಿದರೆ ಏಳೂಕಾಲಿನ ಹೊತ್ತಿಗೆ ಕಡುನೀಲಿ ಆಕಾಶ ಮತ್ತು ದೀಪಗಳು ಒಟ್ಟಿಗೇ ದಕ್ಕುತ್ತವೆ. ದಸರೆಯ ಜನಜಂಗುಳಿಗಿಂತ ಚಿತ್ರಕ್ಕೆ ಆ ಸಂಜೆಯೇ ಮೇಲು.

ಇನ್ನು ಚೌಕಟ್ಟಿನ ಅಂಚು. ಕುಣಿತದ ಮೇಲೆ ಮನಸ್ಸಿಟ್ಟ ಕಣ್ಣು ಮೂಲೆಯ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು, ನೀಲಿ ಟಾರ್ಪಾಲನ್ನು ಲೆಕ್ಕಕ್ಕೇ ಇಡುವುದಿಲ್ಲ. ಅಚ್ಚಾದ ಚಿತ್ರದಲ್ಲಿ ಓದುಗರ ನೋಟ ಹೋಗುವುದು ಮೊದಲು ಅಲ್ಲಿಗೇ. ಕ್ಲಿಕ್ಕಿಸುವ ಮುನ್ನ ನಾಲ್ಕೂ ಮೂಲೆ ನೋಡಬೇಕು.

ಚಿತ್ರ ಆಹ್ವಾನಿಸುವ ಪ್ರಕಟಣೆಯಲ್ಲಿ ಪತ್ರಿಕೆಯು ಎರಡು ಸಾಲು ಸೇರಿಸಲಿ: ಫಿಲ್ಟರ್ ಹಾಕದ ಮೂಲ ಫೈಲನ್ನೇ ಕಳಿಸಿ, ವಾಟ್ಸ್ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಪುಟ ಕಟ್ಟುವವರೂ ಆಯ್ದ ಚಿತ್ರವನ್ನು ಒಮ್ಮೆ ಕಪ್ಪು-ಬಿಳುಪಿನಲ್ಲಿ ನೋಡಿಯೇ ಅಚ್ಚಿಗೆ ಬಿಡಲಿ.

– ಓದುಗ, ಮೈಸೂರು