ಹೊಸ ಮ್ಯೂಸಿಕಲ್‌ಗೆ ಕೂರುವ ಮುಂಚೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಆ ಹೊಸ ಹಾಡು-ನಾಟಕದ ಕೆಲಸಕ್ಕೆ ನೀನು ನ್ಯೂಯಾರ್ಕಿನಿಂದ ಕಳಿಸಿದ ಅಗ್ರಿಮೆಂಟ್ ನಿಧಾನವಾಗಿ ಓದಿದೆ. ಬ್ಯಾಂಕಿನಲ್ಲಿ ಸಾಲದ ಕಾಗದ ಓದಿ ಓದಿ ಬಂದ ಅಭ್ಯಾಸ, ಬರೆದಿರುವುದಕ್ಕಿಂತ ಬರೆಯದೆ ಬಿಟ್ಟಿರುವುದರ ಮೇಲೇ ಕಣ್ಣು ಹೋಗುತ್ತದೆ. ಸಂಭಾವನೆ ಎಷ್ಟು ಅಂತ ಇದೆ. ಡ್ರಾಮಟರ್ಗ್, ಅಂದರೆ ಪ್ರಶ್ನೆ ಕೇಳಿ ಕೇಳಿ ನಾಟಕ ಕಟ್ಟಲು ಲೇಖಕರಿಗೆ ನೆರವಾಗುವವಳು, ಎಂದು ನಿನ್ನ ಹೆಸರು ಹಾಕುತ್ತಾರೆ ಅಂತಲೂ ಇದೆ. ಆದರೆ ನೀನು ರಿಹರ್ಸಲ್ ಕೋಣೆಯಲ್ಲಿ ಕೂತು ಒಂದು ಸಾಲು ಬರೆದುಕೊಟ್ಟರೆ ಆ ಸಾಲು ಯಾರದ್ದು? ಅದು ಎಲ್ಲೂ ಇಲ್ಲ.

ಇದನ್ನೇ ಯಾಕೆ ಹಿಡಿದುಕೊಂಡೆ ಅಂದರೆ, 'ರೆಂಟ್' ನಾಟಕದ ಕೇಸು. ನಿನಗೆ ಗೊತ್ತಿರುತ್ತದೆ. ಆದರೂ ನಾನು ಓದಿ ತಿಳಿದುಕೊಂಡಂತೆ ಒಮ್ಮೆ ಕೇಳು. ಜೊನಾಥನ್ ಲಾರ್ಸನ್ ಆ ನಾಟಕವನ್ನು ವರ್ಷಗಟ್ಟಲೆ ಬರೆದಿದ್ದ. ಹಾಡುಗಳು ಚೆನ್ನಾಗಿದ್ದವು, ಕಥೆ ಮಾತ್ರ ಸಡಿಲ. 1995ರಲ್ಲಿ ನಾಟಕ ಆಡಿಸುತ್ತಿದ್ದ ನ್ಯೂಯಾರ್ಕ್ ಥಿಯೇಟರ್ ವರ್ಕ್‌ಶಾಪ್ ಎಂಬ ರಂಗಸಂಸ್ಥೆಯವರು ಲಿನ್ ಥಾಮ್ಸನ್ ಅವರನ್ನು ಡ್ರಾಮಟರ್ಗ್ ಆಗಿ ಕರೆತಂದರು. 2000 ಡಾಲರ್, ಜೊತೆಗೆ ಹೆಸರು. ಆ ಬೇಸಿಗೆಯಿಂದ ಇಬ್ಬರೂ ಕೂತು ಕಥೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಆ ಕರಾರಿನಲ್ಲೂ ಬರೆದದ್ದರ ಹಕ್ಕು ಯಾರಿಗೆ ಅನ್ನುವ ಬಗ್ಗೆ ಒಂದು ಮಾತಿರಲಿಲ್ಲ.

1996ರ ಜನವರಿ 25ರ ಬೆಳಗಿನ ಜಾವ, ಕೊನೆಯ ಡ್ರೆಸ್ ರಿಹರ್ಸಲ್ ಮುಗಿದು ಕೆಲವೇ ಗಂಟೆಗಳಲ್ಲಿ, ಲಾರ್ಸನ್ ತೀರಿಕೊಂಡ. 35 ವರ್ಷ. ಆಮೇಲೆ ಆ ನಾಟಕಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು, ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳಿರುವ ಬ್ರಾಡ್‌ವೇಯಲ್ಲಿ 2008ರವರೆಗೆ ನಡೆಯಿತು. ಥಾಮ್ಸನ್ ತಾನೂ ಸಹಲೇಖಕಿ ಎಂದು ಕೋರ್ಟಿಗೆ ಹೋದರು, ರಾಯಲ್ಟಿಯಲ್ಲಿ ಶೇ. 16 ಪಾಲು ಕೇಳಿದರು. 1998ರಲ್ಲಿ ಮೇಲಿನ ಕೋರ್ಟೂ ಆಗುವುದಿಲ್ಲ ಅಂದಿತು. ಅವರು ಬರೆದದ್ದು ನಾಟಕದಲ್ಲಿ ಇಲ್ಲ ಅಂತ ಅಲ್ಲ. ಸಹಲೇಖಕರು ಅನ್ನಿಸಿಕೊಳ್ಳಬೇಕಾದರೆ ಇಬ್ಬರಿಗೂ ಆ ಉದ್ದೇಶ ಇರಬೇಕಿತ್ತು, ಲಾರ್ಸನ್‌ಗೆ ಇರಲಿಲ್ಲ ಅಂತ. ಸ್ಕ್ರಿಪ್ಟಿನ ಮೇಲೆ ಲೇಖಕ ಎಂದು ತನ್ನೊಬ್ಬನ ಹೆಸರನ್ನೇ ಹಾಕಿದ್ದ, ಅವರ ಹೆಸರು ಡ್ರಾಮಟರ್ಗ್ ಎಂದಿತ್ತು. ಅವರು ಬರೆದ ಸಾಲುಗಳು ಅವರೊಬ್ಬರ ಸ್ವತ್ತಾಗುತ್ತವೆಯೇ ಅನ್ನುವುದನ್ನು ಕೋರ್ಟ್ ತೀರ್ಮಾನಿಸಲೇ ಇಲ್ಲ. ಕೊನೆಗೆ ಹೊರಗೇ ರಾಜಿಯಾಯಿತು.

ಇದನ್ನು ಓದಿದಾಗ ನನಗೆ ಎರಡೂ ಕಡೆಯವರ ಬಗ್ಗೆ ಸಂಕಟವಾಯಿತು. ನಡೆದದ್ದು ಏನು ಅಂತ ಹೇಳಬಹುದಾಗಿದ್ದ ಇನ್ನೊಬ್ಬ ಮನುಷ್ಯ ಬದುಕಿರಲಿಲ್ಲ. ಕಾಗದ ಬಾಯಿ ಬಿಡಲಿಲ್ಲ.

ಹೆದರಿಸಲು ಬರೆಯುತ್ತಿಲ್ಲ ಪುಟ್ಟಿ. ನೀನು ಹಿಡಿದಿರುವ ಕೆಲಸ ದೊಡ್ಡದು ಅಂತಲೇ ನನ್ನ ನಂಬಿಕೆ. 'ಫಿಡ್ಲರ್ ಆನ್ ದಿ ರೂಫ್' ಎಂಬ ಹಳೆಯ ಮ್ಯೂಸಿಕಲ್ ಕಟ್ಟುತ್ತಿದ್ದಾಗ ನಿರ್ದೇಶಕ ಜೆರೋಮ್ ರಾಬಿನ್ಸ್ ಒಂದೇ ಪ್ರಶ್ನೆ ಹಿಡಿದು ಕೂತಿದ್ದರಂತೆ: ಈ ನಾಟಕ ಯಾವುದರ ಬಗ್ಗೆ? ಹಾಲು ಮಾರುವವನೊಬ್ಬ, ಅವನ ಹೆಣ್ಣುಮಕ್ಕಳು, ಅವರ ಮದುವೆ ಅಂದರೆ ಒಪ್ಪುತ್ತಿರಲಿಲ್ಲ. ಮೀಟಿಂಗ್ ಮೇಲೆ ಮೀಟಿಂಗ್, ಅದೇ ಪ್ರಶ್ನೆ. ಕೊನೆಗೆ ಒಂದು ದಿನ ಯಾರೋ ರೇಗಿ, ತಲೆಮಾರುಗಳಿಂದ ನಡೆದುಬಂದ ಪದ್ಧತಿ ಕಣ್ಣೆದುರೇ ಕುಸಿಯುವುದರ ಬಗ್ಗೆ ಅಂದರು. ಹಾಗಾದರೆ ಮೊದಲ ಹಾಡು ಅದೇ ಆಗಲಿ ಅಂದರು ರಾಬಿನ್ಸ್. ಅಲ್ಲಿಯವರೆಗೆ ಶುರುವಿನಲ್ಲಿದ್ದದ್ದು ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನದ, ಅಡುಗೆ-ತಯಾರಿಯ ಗಡಿಬಿಡಿಯ ಹಾಡು. ಅದು ಹೋಗಿ 'ಟ್ರೆಡಿಷನ್', ಅಂದರೆ ಸಂಪ್ರದಾಯ, ಅನ್ನುವ ಹಾಡು ಬಂತು. ಸಂಗೀತ ಬಾಕ್ ಅವರದು, ಸಾಹಿತ್ಯ ಹಾರ್ನಿಕ್ ಅವರದು. ರಾಬಿನ್ಸ್ ಅದರಲ್ಲಿ ಒಂದು ಪದ ಬರೆಯದಿದ್ದರೂ, ಅವರ ಪ್ರಶ್ನೆ ಇಲ್ಲದಿದ್ದರೆ ಆ ಹಾಡು ಹುಟ್ಟುತ್ತಿರಲಿಲ್ಲ. ಅವತ್ತು ಆ ಕೆಲಸವನ್ನು ನಿರ್ದೇಶಕರೇ ಮಾಡಿದರು. ಇವತ್ತು ಎಷ್ಟೋ ಕಡೆ ನಿನ್ನಂಥವರು ಮಾಡುತ್ತೀರಿ.

ನಿನ್ನ ತಾತ ಗುಬ್ಬಿ ಕಂಪನಿ ನಾಟಕಗಳ ಹಾಡು ಗುನುಗುತ್ತಿದ್ದರು ನೆನಪಿದೆಯಲ್ಲ. ನಮ್ಮ ಕಂಪನಿ ನಾಟಕದಲ್ಲಿ ಜನ ವನ್ಸ್ ಮೋರ್ ಅಂದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತು ಅಂತ ಹೇಳುತ್ತಾರೆ. ಆ ಸುಖವೇ ಬೇರೆ, ಅದನ್ನು ಕೀಳು ಅನ್ನುವವಳು ನಾನಲ್ಲ. ನೀನಿರುವ ಕಡೆ ಲೆಕ್ಕ ಬೇರೆ. ಹಾಡು ಶುರುವಾದಾಗ ಪಾತ್ರ ಎಲ್ಲಿತ್ತೋ ಮುಗಿದಾಗ ಅಲ್ಲೇ ಇರಬಾರದು. ನೀನು ಫೋಟೋ ಕಳಿಸಿದ್ದೆಯಲ್ಲ, ಗೋಡೆಗೆ ಅಂಟಿಸಿದ ಕಾರ್ಡುಗಳು, ಒಂದು ಹಾಡಿಗೆ ಒಂದು. ಯಾರು ಹಾಡುತ್ತಾರೆ, ಹಾಡಿನಿಂದ ಏನು ಬದಲಾಯಿತು. ಒಂದು ಕಾರ್ಡಿನಲ್ಲಿ ಕೆಳಗಿನ ಸಾಲು ಖಾಲಿ ಬಿಟ್ಟಿದ್ದೆ. ಆ ಖಾಲಿ ಸಾಲು ನೋಡಿದಾಗ ನಿನ್ನ ಕೆಲಸ ನನಗೆ ಸರಿಯಾಗಿ ಅರ್ಥವಾಯಿತು.

ಈಗ 29 ಗಂಟೆಯ ರೀಡಿಂಗ್ ಬರುತ್ತಿದೆ ಅಂದೆ. ನಟರ ಯೂನಿಯನ್ ನಿಯಮ, ತಾಲೀಮು, ಓದು ಎಲ್ಲ ಸೇರಿ ಅಷ್ಟೇ ಗಂಟೆ. ಸೆಟ್ಟಿಲ್ಲ, ವೇಷವಿಲ್ಲ, ಟಿಕೆಟ್ ಮಾರುವ ಹಾಗಿಲ್ಲ. ಒಂದು ಪಿಯಾನೊ, ಮುಂದೆ ಸ್ಟ್ಯಾಂಡಿನ ಮೇಲೆ ಸ್ಕ್ರಿಪ್ಟು. ಇಷ್ಟು ಕಡಿಮೆ ಹೊತ್ತಿನಲ್ಲಿ ಬರೆಯುವವರು ಸುಸ್ತಾಗಿ, "ನೀನೇ ಒಂದು ಸಾಲು ಹೇಳಿಬಿಡು" ಅನ್ನುತ್ತಾರೆ. ಹೇಳಬೇಡ ಅನ್ನುವುದಿಲ್ಲ. ಹೇಳಿದ್ದನ್ನು ಅವತ್ತೇ ಈಮೇಲಿನಲ್ಲಿ ಹಾಕು, ತಾರೀಖು ತಾನಾಗಿ ಬೀಳುತ್ತದೆ. ಪ್ರಶ್ನೆಗಳ ನೋಟ್ಸ್ ಬೇರೆ ಇರಲಿ, ಬರೆದುಕೊಟ್ಟ ಸಾಲುಗಳು ಬೇರೆ ಇರಲಿ.

ಅಗ್ರಿಮೆಂಟಿನಲ್ಲಿ ಮೂರು ಮಾತು ಸೇರಿಸಲು ಕೇಳು. ನೀನು ಬರೆದದ್ದು ನಾಟಕದಲ್ಲಿ ಉಳಿದರೆ ಅದರ ಹಕ್ಕು ಯಾರಿಗೆ, ಲೇಖಕರಿಗೆ ಬಿಟ್ಟುಕೊಡುವುದಾದರೆ ಅದಕ್ಕೆ ಏನು. ನಾಟಕ ಬೇರೆ ಥಿಯೇಟರಿಗೆ ಹೋದರೆ ನಿನ್ನ ಹೆಸರು ಜೊತೆಗೆ ಹೋಗುತ್ತದೆಯೇ. ದೊಡ್ಡದಾಗಿ ಓಡಿದರೆ ನಿನಗೂ ಒಂದು ಪಾಲು ಉಂಟೇ. ಮೂರನೆಯದಕ್ಕೆ ಇಲ್ಲ ಅನ್ನಬಹುದು, ಅನ್ನಲಿ. ಮೊದಲನೆಯದನ್ನು ಮಾತ್ರ ಬಿಡಬೇಡ. ಕೇಳಿದರೆ ಒರಟಾಗುತ್ತೇನೇನೋ ಅಂತ ಸಂಕೋಚ ಬೇಡ. ಸ್ನೇಹ ಚೆನ್ನಾಗಿರುವಾಗಲೇ ಇವನ್ನೆಲ್ಲ ಕೇಳುವುದು ಸುಲಭ. ಅಲ್ಲಿನ ಒಬ್ಬ ವಕೀಲರಿಗೂ ತೋರಿಸು, ದುಡ್ಡು ನಾನು ಕಳಿಸುತ್ತೇನೆ.

ಬರೆದವರ ಒಪ್ಪಿಗೆ ಪಡೆದೇ ನೀನು ಕಳಿಸಿದ್ದ ನಿಮ್ಮ ನಾಟಕದ ಹಾಡುಗಳನ್ನೂ ಕೇಳಿದೆ. ಅದರಲ್ಲಿ ಅಪ್ಪನ ಪಾತ್ರದ ಹಾಡು ತುಂಬಾ ಇಷ್ಟವಾಯಿತು, ಅಡುಗೆ ಮಾಡುತ್ತಾ ಮತ್ತೆ ಮತ್ತೆ ಹಾಕಿಕೊಂಡೆ. ಒಂದು ವಿಷಯ ಮಾತ್ರ ತಿಳಿಯಲಿಲ್ಲ. ಅಂಗಡಿ ಮಾರುವುದು ಗಟ್ಟಿಯಾದ ಮೇಲೆ ಚಿಕ್ಕವಳು ಹಾಡುತ್ತಾಳೆ, ಅಪ್ಪ ಹಾಡುತ್ತಾನೆ, ಕೊಳ್ಳಲು ಬಂದವನೂ ಹಾಡುತ್ತಾನೆ. ಅಷ್ಟು ವರ್ಷ ಗಲ್ಲಾದ ಮೇಲೆ ಕೂತ ದೊಡ್ಡ ಮಗಳು ಕೊನೆಯವರೆಗೂ ಬಾಯಿ ತೆರೆಯುವುದಿಲ್ಲ. ಅವಳಿಗೆ ಏನು ಬೇಕು? ಬರೆದವರನ್ನು ಕೇಳಿ ನೋಡ್ತೀಯಾ?

ನಿನ್ನ ಅಮ್ಮ
ಮೈಸೂರು