ಮಾರುವ ಮನೆಗೆ ಸುಣ್ಣ ಹೊಡೆಸುವವರು ಯಾರು, ಸಚಿವರೇ?

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರಾದ ರಾಮಮೋಹನ್ ನಾಯ್ಡು ಅವರಿಗೆ,

ನಮಸ್ಕಾರ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ತೆಲುಗಿನವರಿಗೆ ನಮ್ಮ ಅಕ್ಷರ ಅಷ್ಟೇನೂ ದೂರವಲ್ಲ. ಓದಲು ಆಗದಿದ್ದರೆ ನಿಮ್ಮ ಕಚೇರಿಯಲ್ಲಿ ಕನ್ನಡದವರು ಒಬ್ಬರಾದರೂ ಇದ್ದೇ ಇರುತ್ತಾರೆ ಅನ್ನೋ ಧೈರ್ಯ ನನಗೆ.

ವಿಷಯ ಅಲಯನ್ಸ್ ಏರ್ ಬಗ್ಗೆ, ಹಿಂದೆ ಏರ್ ಇಂಡಿಯಾದ ಅಂಗಸಂಸ್ಥೆಯಾಗಿದ್ದ, ಸಣ್ಣ ಊರುಗಳಿಗೆ ಹಾರುವ ಸಂಸ್ಥೆ. 2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾದವರ ಕೈಗೆ ಹೋಯಿತು. ಇದು ಹೋಗಲಿಲ್ಲ. ಪವನ್ ಹನ್ಸ್ ಹೆಲಿಕಾಪ್ಟರ್‌ಗಳನ್ನು ಬಿಟ್ಟರೆ ಕೇಂದ್ರ ಸರ್ಕಾರದ್ದು ಅಂತ ಉಳಿದಿರುವ ವಿಮಾನ ಸಂಸ್ಥೆ ಇದೇ. ಇದನ್ನೂ ಮಾರುತ್ತೇವೆ ಅಂತ ಆಗಿನಿಂದಲೂ ಸರ್ಕಾರ ಹೇಳುತ್ತಲೇ ಇದೆ.

ನಾನು ಮೈಸೂರಿನವನು. ನಮ್ಮ ಮಂಡಕಳ್ಳಿ ನಿಲ್ದಾಣದ ರನ್‌ವೇ 1,740 ಮೀಟರ್. ದೊಡ್ಡ ಜೆಟ್‌ಗಳಿಗೆ ಅದು ಸಾಲದು. ಹಾಗಾಗಿ ನಮಗೆ ವಿಮಾನ ಅಂದರೆ ಎಟಿಆರ್, ಎರಡು ಫ್ಯಾನಿನ 70 ಸೀಟಿನದು. ಒಮ್ಮೆ ಅಪ್ಪನನ್ನು ಅದರಲ್ಲಿ ಕರೆದುಕೊಂಡು ಹೋಗಿದ್ದೆ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ಅವರು ಬಗ್ಗಿ ವಿಮಾನದ ಬಾಲದ ಕೆಳಗೆ ನೋಡುತ್ತಿದ್ದರು. ಅಲ್ಲಿ ಒಂದು ಕಬ್ಬಿಣದ ಕೋಲು ನಿಲ್ಲಿಸಿದ್ದರು.

"ಏನ್ಲಾ ಇದು, ಹಿಂದ್ಗಡೆ ಊರುಗೋಲು ಕೊಟ್ಟವ್ರೆ?"

ಪಕ್ಕದಲ್ಲಿದ್ದ ಸಿಬ್ಬಂದಿ ಹುಡುಗ ವಿವರಿಸಿದ. ಎಟಿಆರ್‌ಗೆ ಜನ ಹತ್ತುವುದು ಹಿಂದಿನ ಬಾಗಿಲಿನಿಂದ. ಎಲ್ಲರೂ ಒಟ್ಟಿಗೆ ಹತ್ತಿದರೆ ಹಿಂದೆ ಭಾರವಾಗಿ ಮೂತಿ ಎದ್ದುಬಿಡಬಾರದು ಅಂತ ಆ ಕೋಲು. ಹೊರಡುವ ಮುಂಚೆ ತೆಗೆಯುತ್ತಾರೆ. ಅಪ್ಪನಿಗೆ ಖುಷಿಯಾಯಿತು. ಮೆಟ್ಟಿಲ ಹತ್ತಿರ ಮತ್ತೆ ನಿಂತು ಕೇಳಿದರು, "ಸ್ಪೇರ್ ಗಾಡಿ ಎಷ್ಟ್ ಇಟ್ಟಿದ್ದೀರಪ್ಪ?" ಹುಡುಗ ನಕ್ಕ. ಹಿಂದೆ ಕ್ಯೂ ಬೆಳೆಯುತ್ತಿತ್ತು, ನಾನು ಅಪ್ಪನ ಕೈ ಹಿಡಿದು ಎಳೆದೆ.

ಆಗ ನನಗೆ ಮುಜುಗರವಾಗಿತ್ತು. ಈಗ ಅನ್ನಿಸುತ್ತದೆ, ಕೇಳಬೇಕಾಗಿದ್ದ ಪ್ರಶ್ನೆ ಅದೇ.

ಅಪ್ಪ ಒಂದು ಬಸ್ಸಿನ ಕಥೆ ಹೇಳುತ್ತಿದ್ದರು. ಡಿಪೋದ ಮೂಲೆಯಲ್ಲಿ ಕಲ್ಲಿನ ಮೇಲೆ ಕೂರಿಸಿದ ಬಸ್ಸು. ಏನೋ ಒಂದು ಸಣ್ಣ ಪಾರ್ಟ್ ಬರಲಿಲ್ಲ ಅಂತ ನಿಂತಿದ್ದು. ಮೊದಲು ಅದರ ಸೆಲ್ಫ್ ಮೋಟರ್ ಬಿಚ್ಚಿ ಇನ್ನೊಂದಕ್ಕೆ ಹಾಕಿದರು. ಆಮೇಲೆ ರೇಡಿಯೇಟರ್. ಆಮೇಲೆ ಗೇರ್‌ಬಾಕ್ಸ್. ಕೊನೆಗೆ ಡ್ರೈವರ್ ಸೀಟೂ ಹೋಯಿತು. ಒಂದೊಂದು ಪಾರ್ಟೂ ಯಾವುದೋ ಊರಿನ ಒಂದು ಟ್ರಿಪ್ ಉಳಿಸಿತು, ನಿಜ. ಆದರೆ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಕೊನೆಯವರೆಗೂ ಡಿಪೋದ ಬಸ್ಸೇ.

ವಿಮಾನಗಳ ಲೋಕವೂ ಬೇರೆಯೇನಲ್ಲ. ಅಲಯನ್ಸ್ ಏರ್‌ನ ಎಟಿಆರ್ 72-600ಗಳು ಬರಲು ಶುರುವಾಗಿದ್ದು 2014-15ರ ಹೊತ್ತಿಗೆ. ಬಹುಪಾಲು ಬಾಡಿಗೆಯವು. ಬಾಡಿಗೆ, ಎಂಜಿನ್ ರಿಪೇರಿ ಎಲ್ಲ ಡಾಲರ್‌ನಲ್ಲಿ. ಟಿಕೆಟ್ ದುಡ್ಡು ರೂಪಾಯಿಯಲ್ಲಿ. ಹತ್ತು ವರ್ಷದ ವಿಮಾನ ಮುದಿಯಲ್ಲ, ಒಪ್ಪುತ್ತೇನೆ. ಆದರೆ ಖರ್ಚು ಕೇಳಲು ಶುರುಮಾಡುವ ವಯಸ್ಸು ಅದು. ಎಟಿಆರ್‌ಗೆ 2022ರಿಂದ ಪಿಡಬ್ಲ್ಯೂ127ಎಕ್ಸ್‌ಟಿ ಅನ್ನೋ ಹೊಸ ಎಂಜಿನ್ ಬರುತ್ತಿದೆ. ಇಂಧನ ಕಡಿಮೆ ಕುಡಿಯುತ್ತದೆ, ಬಿಚ್ಚಿ ರಿಪೇರಿಗೆ ಕಳಿಸುವ ಅಂತರವೂ ಜಾಸ್ತಿ. ಅದನ್ನು ಹಾಕಿಸಲು ಯಾರು ಸಹಿ ಮಾಡುತ್ತಾರೆ? ಇವತ್ತೋ ನಾಳೆಯೋ ಮಾರುವ ಮನೆಗೆ ಯಾರೂ ಸುಣ್ಣ ಹೊಡೆಸುವುದಿಲ್ಲ. ಆದರೆ ಈ ಮನೆಯಲ್ಲಿ ಇನ್ನೂ ಜನ ಇದ್ದಾರೆ, ಸ್ವಾಮಿ.

ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಹಳೇ ವಿಮಾನ ಅಂದರೆ ಅಪಾಯ ಅಂತ ನಾನು ಹೇಳುತ್ತಿಲ್ಲ. 2010ರಲ್ಲಿ ಮಂಗಳೂರಿನಲ್ಲಿ 158 ಜನ ಹೋದರಲ್ಲ, ಆ ವಿಮಾನಕ್ಕೆ ಎರಡು ವರ್ಷ ದಾಟಿತ್ತು ಅಷ್ಟೇ. 2000ದ ಜುಲೈನಲ್ಲಿ ಪಟ್ನಾದಲ್ಲಿ ಬಿದ್ದ ಅಲಯನ್ಸ್ ಏರ್ ಬೋಯಿಂಗ್ 737-200ಕ್ಕೆ 20 ವರ್ಷ. 60 ಜನ ಸತ್ತರು. ತನಿಖೆ ಬೊಟ್ಟು ಮಾಡಿದ್ದು ಪೈಲಟ್‌ಗಳ ಕಡೆಗೆ, ವಿಮಾನದ ವಯಸ್ಸಿನ ಕಡೆಗಲ್ಲ. ಆದರೂ ಆ ದಿನಗಳಲ್ಲಿ ಜನ ಕೇಳಿದ್ದು ಒಂದೇ: ಇಷ್ಟು ಹಳೇದನ್ನು ಯಾಕೆ ಇಟ್ಟುಕೊಂಡಿದ್ದರು? ಆಗ ದೇಶದೊಳಗೆ ಹಾರುತ್ತಿದ್ದ ಸರ್ಕಾರಿ ಸಂಸ್ಥೆ ಇಂಡಿಯನ್ ಏರ್‌ಲೈನ್ಸ್ ತನ್ನ ಹಳೇ ಬೋಯಿಂಗ್‌ಗಳನ್ನು ತಂಗಿಗೆ ಹಳೇ ಲಂಗ ಕೊಟ್ಟಂತೆ 1996ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಕೊಟ್ಟಿತ್ತು. ಪಟ್ನಾ ಆದ ಮೇಲೂ ಅವು ಕೆಲವು ವರ್ಷ ಹಾರಿದವು.

ತೀರ್ಮಾನ ಮಾಡದೇ ಕೂರುವುದು ನಮ್ಮ ಸರ್ಕಾರಗಳ ಹಳೇ ಚಾಳಿ. 1990ರ ದಶಕದ ಮಧ್ಯದಿಂದ ಸುಮಾರು ಹತ್ತು ವರ್ಷ ಏರ್ ಇಂಡಿಯಾ ಹೊಸ ವಿಮಾನ ಕೊಳ್ಳಲಿಲ್ಲ. ಫೈಲು ಓಡಾಡಿತು. ಆಮೇಲೆ ಒಮ್ಮೆಲೇ ಹಸಿವಾಯಿತು. 2005-06ರಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಎರಡಕ್ಕೂ ಸೇರಿ 111 ವಿಮಾನ, ಹೆಚ್ಚುಕಡಿಮೆ ಪೂರ್ತಿ ಸಾಲದಲ್ಲಿ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2011ರಲ್ಲಿ ಇದನ್ನು ಕಟುವಾಗಿ ಟೀಕಿಸಿತು. ಹಾಗೆ ಕೊಂಡ ಎಂಟು ಬೋಯಿಂಗ್ 777-200ಎಲ್‌ಆರ್‌ಗಳಲ್ಲಿ ಐದನ್ನು ಕೆಲವೇ ವರ್ಷಕ್ಕೆ ಅಬುಧಾಬಿಯ ಎತಿಹಾದ್ ವಿಮಾನ ಸಂಸ್ಥೆಗೆ ಮಾರಿದರು. ಉಪವಾಸ ಮಾಡಿ ಒಂದೇ ಹೊತ್ತಿಗೆ ಹಬ್ಬದೂಟ ಉಂಡರೆ ಹೊಟ್ಟೆ ಕೆಡದೇ ಇರುತ್ತಾ? ಕೊನೆಗೆ ಏರ್ ಇಂಡಿಯಾ 18,000 ಕೋಟಿಗೆ ಹೋಯಿತು. ಅದರಲ್ಲಿ ಸರ್ಕಾರದ ಕೈಗೆ ನಗದು ಬಂದಿದ್ದು 2,700 ಕೋಟಿ, ಉಳಿದ 15,300 ಕೋಟಿ ಸಾಲದ ಲೆಕ್ಕ. ಕೊಂಡವರು ಒಂದು ವರ್ಷ ಕಳೆಯುತ್ತಿದ್ದಂತೆ 470 ವಿಮಾನಗಳ ಆರ್ಡರ್ ಘೋಷಿಸಿದರು. ನಮಗೆ 470 ಬೇಡ.

2025ರ ಅಕ್ಟೋಬರ್‌ನಲ್ಲಿ ನೀವೇ ಅಲಯನ್ಸ್ ಏರ್‌ನಲ್ಲಿ ಒಂದೇ ದರದ ಯೋಜನೆ ಶುರುಮಾಡಿಸಿದಿರಿ. ತಿಂಗಳ ಮುಂಚೆ ಬುಕ್ ಮಾಡಿದರೂ, ಹೊರಡುವ ದಿನ ಬುಕ್ ಮಾಡಿದರೂ ರೇಟು ಒಂದೇ. ಆಯ್ದ ಮಾರ್ಗಗಳಲ್ಲಿ, ಆ ವರ್ಷದ ಕೊನೆಯವರೆಗೆ ಪ್ರಯೋಗಕ್ಕೆ ಅಂತ ಇಟ್ಟಿದ್ದು. ಒಳ್ಳೇ ಯೋಚನೆ, ಸುಮ್ನೆ ಹೊಗಳುತ್ತಿಲ್ಲ. ಆದರೆ ಹಾರಲು ವಿಮಾನವೇ ಇಲ್ಲದ ದಿನ ಆ ರೇಟು ಕಟ್ಟಿಕೊಂಡು ಏನು ಮಾಡೋಣ?

ಈ ಸಂಸ್ಥೆ ಮಾಡುವ ಕೆಲಸ ಲಾಭಕ್ಕೆ ಬಂದವರು ಮಾಡುವುದಲ್ಲ. 2017ರ ಏಪ್ರಿಲ್ 27ರಂದು ಪ್ರಧಾನಿ ಶಿಮ್ಲಾದಲ್ಲಿ ಸಣ್ಣ ಊರುಗಳಿಗೆ ಕಡಿಮೆ ದರದ ವಿಮಾನ ಒದಗಿಸುವ ಉಡಾನ್ ಯೋಜನೆಯ ಮೊದಲ ವಿಮಾನಕ್ಕೆ ಹಸಿರು ಬಾವುಟ ತೋರಿಸಿದರಲ್ಲ, ಅದು ಅಲಯನ್ಸ್ ಏರ್‌ನ ಎಟಿಆರ್ 42. ಆಮೇಲೆ ಶಿಮ್ಲಾಕ್ಕೆ ವಿಮಾನವೇ ನಿಂತುಹೋಗಿ, ಹೊಸ 42-600 ಬಂದ ಮೇಲೆ 2022ರಲ್ಲಿ ಮತ್ತೆ ಶುರುವಾಯಿತು. ಸರಿಯಾದ ವಿಮಾನ ಬಂದರೆ ಊರಿಗೆ ದಾರಿ ತೆರೆಯುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಲಕ್ಷದ್ವೀಪದ ಅಗತ್ತಿಗೆ ಎಷ್ಟೋ ವರ್ಷ ಹೋಗುತ್ತಿದ್ದುದು ಇವರೇ.

ನಮ್ಮದೇ ವಿಮಾನ ಮಾಡೋಣ ಅನ್ನುವವರೂ ಇದ್ದಾರೆ. ಬೆಂಗಳೂರಿನ ಎನ್‌ಎಎಲ್ ಸಂಶೋಧನಾಲಯದ ಸರಸ್ ಅನ್ನೋ ಸಣ್ಣ ವಿಮಾನ 2004ರಲ್ಲಿ ಮೊದಲ ಸಲ ಹಾರಿತು. 2009ರಲ್ಲಿ ಬಿಡದಿ ಹತ್ತಿರ ಪರೀಕ್ಷೆಯ ವೇಳೆ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಆ ಕನಸು ಇನ್ನೂ ಪ್ರಯಾಣಿಕರವರೆಗೆ ಬಂದಿಲ್ಲ. ಎಚ್‌ಎಎಲ್‌ನ 17 ಸೀಟಿನ ಡಾರ್ನಿಯರ್ ಮಾತ್ರ 2022ರಿಂದ ಅಲಯನ್ಸ್ ಏರ್‌ಗಾಗಿ ಅರುಣಾಚಲದ ಕಡೆ ಹಾರಿತು. ರಷ್ಯಾದವರ ಜೊತೆ ಎಸ್‌ಜೆ-100 ಮಾಡುವ ಮಾತುಕತೆಯೂ ಆಗಿದೆ. ಅದು ಸುಮಾರು 100 ಸೀಟಿನ ಜೆಟ್, ಶಿಮ್ಲಾದಲ್ಲಿ ಇಳಿಯುವಂಥದ್ದಲ್ಲ.

ನನ್ನ ಬೇಡಿಕೆ ಚಿಕ್ಕದು. ಮಾರುವುದಾದರೆ ಯಾವಾಗ ಅಂತ ತಾರೀಖು ಹೇಳಿ, ಸಣ್ಣ ಊರುಗಳ ಮಾರ್ಗ ಬಿಡಬಾರದು ಅನ್ನೋ ಷರತ್ತು ಹಾಕಿ ಮಾರಿ. ಇಟ್ಟುಕೊಳ್ಳುವುದಾದರೆ ವರ್ಷಕ್ಕೆ ಎರಡೋ ಮೂರೋ ವಿಮಾನ ಬದಲಾಯಿಸುತ್ತಾ ಹೋಗಿ, ಎಂಜಿನ್ನು ಪಾರ್ಟುಗಳಿಗೆ ದುಡ್ಡು ಬೇರೆಯೇ ತೆಗೆದಿಡಿ. ಸಂಸತ್ತಿನಲ್ಲಿ ಯಾರಾದರೂ ಕೇಳಿದಾಗ ಪುಸ್ತಕದಲ್ಲಿರುವ ವಿಮಾನಗಳ ಲೆಕ್ಕ ಕೊಡಬೇಡಿ. ಆ ದಿನ ಬೆಳಿಗ್ಗೆ ಎಷ್ಟು ಹಾರಲು ತಯಾರಿದ್ದವು ಅಂತ ಹೇಳಿ.

ಜೊತೆಗೆ, ಸ್ಪೇರ್ ಎಷ್ಟಿದೆ ಅಂತ ಅಪ್ಪ ಈಗಲೂ ಕೇಳುತ್ತಾರೆ. ಉತ್ತರ ಗೊತ್ತಾದರೆ ಅವರಿಗೆ ತಿಳಿಸುತ್ತೇನೆ.

ಇಂತಿ,
ಮಂಡಕಳ್ಳಿಯಿಂದ ಹಾರುವ ಒಬ್ಬ ಪ್ರಯಾಣಿಕ
ಮೈಸೂರು